ರೈಲು ನಮಗೆ ಮೊದಲು ಬಂತು, ಕೈಗಾರಿಕೆ ಜಪಾನಿಗೆ ಯಾಕೆ ಮೊದಲು ಬಂತು?

2023ರಲ್ಲಿ ಬೆಂಗಳೂರಿನ ಹಿರಿಯ ಉದ್ಯಮಿಯೊಬ್ಬರು ನಮ್ಮ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದಾಗ, ಅದಕ್ಕೆ ಕೊಟ್ಟ ಉದಾಹರಣೆಗಳಲ್ಲಿ ಜಪಾನೂ ಒಂದು. ಜಪಾನಿನ ಮಾತು ಬಂದಾಗಲೆಲ್ಲ ನಮ್ಮಲ್ಲಿ ಇದೇ ವರಸೆ. ಅವರು ಹುಟ್ಟು ಶ್ರಮಜೀವಿಗಳು, ಶಿಸ್ತು ಅವರ ರಕ್ತದಲ್ಲೇ ಇದೆ, ನಮಗದು ಬರೋದಿಲ್ಲ ಅಂತ ಹೇಳಿ ಚರ್ಚೆ ಮುಗಿಸಿಬಿಡುತ್ತಾರೆ. ನನಗೆ ಈ ವಾದ ಯಾವತ್ತೂ ಗಂಟಲಲ್ಲಿ ಇಳಿದಿಲ್ಲ. ಅದಕ್ಕೆ ಕಾರಣ ಕೆಲವು ಇಸವಿಗಳು.

ಬಾಂಬೆಯಿಂದ ಠಾಣೆಗೆ ರೈಲು ಓಡಿದ್ದು 1853ರಲ್ಲಿ. ಟೋಕಿಯೋದ ಶಿಂಬಾಶಿಯಿಂದ ಯೋಕೊಹಾಮಾಗೆ ರೈಲು ಓಡಿದ್ದು 1872ರಲ್ಲಿ. ಬಾಂಬೆಯ ಮೊದಲ ಹತ್ತಿ ಗಿರಣಿಯ ಕಂಪನಿ ಶುರುವಾಗಿದ್ದು 1854ರಲ್ಲಿ, ನೂಲು ಹೊರಬಂದಿದ್ದು 1856ರಲ್ಲಿ. ಜಪಾನಿನ ಕಾಗೊಶಿಮಾದಲ್ಲಿ ಮೊದಲ ಯಂತ್ರದ ನೂಲಿನ ಗಿರಣಿ ಬಂದಿದ್ದು 1867ರಲ್ಲಿ. ಅಂದರೆ ಉಗಿಯಂತ್ರ, ರೈಲು, ಗಿರಣಿ ಎಲ್ಲದರಲ್ಲೂ ನಾವೇ ಮುಂದಿದ್ದೆವು. 1880ರ ದಶಕದಲ್ಲಿ ಬಾಂಬೆಯ ನೂಲು ಜಪಾನಿಗೆ ಹೋಗಿ ಮಾರಾಟವಾಗುತ್ತಿತ್ತು. ಮುಂದಿನ ನಲವತ್ತು ವರ್ಷದಲ್ಲಿ ಲೆಕ್ಕ ತಲೆಕೆಳಗಾಯಿತು. ನಮ್ಮ ಹತ್ತಿ ಅಲ್ಲಿಗೆ ಹೋಗಿ, ಅವರ ಬಟ್ಟೆ ಇಲ್ಲಿಗೆ ಬರತೊಡಗಿತು. ಈ ನಲವತ್ತು ವರ್ಷದಲ್ಲಿ ಆಗಿದ್ದೇನು?

ಕೆಲವು ದೇಶಗಳು ಮೊದಲು, ಕೆಲವು ತಡವಾಗಿ ಯಾಕೆ ಕೈಗಾರಿಕೆ ಕಟ್ಟಿದವು ಅನ್ನೋದಕ್ಕೆ ವಿದ್ವಾಂಸರ ಬಳಿ ಬೇಕಾದಷ್ಟು ಉತ್ತರಗಳಿವೆ. ಇಂಗ್ಲೆಂಡಿನಲ್ಲಿ ಕಲ್ಲಿದ್ದಲು ಅಗ್ಗವಿತ್ತು, ಕೂಲಿ ದುಬಾರಿಯಿತ್ತು, ಹಾಗಾಗಿ ಯಂತ್ರ ಲಾಭ ತಂದಿತು ಅನ್ನುತ್ತಾರೆ ಒಬ್ಬರು. ವಸಾಹತುಗಳ ಲೂಟಿ ಅನ್ನುತ್ತಾರೆ ಇನ್ನೊಬ್ಬರು. ಧರ್ಮ, ಹವಾಮಾನ, ಆಸ್ತಿ ಹಕ್ಕು ಅಂತ ಪಟ್ಟಿ ಬೆಳೆಯುತ್ತಲೇ ಹೋಗುತ್ತೆ. ನಾನು ಇಲ್ಲಿ ಸಿದ್ಧಾಂತ ಬಿಟ್ಟು ಒಬ್ಬ ಮನುಷ್ಯನ ಬದುಕು ಹೇಳುತ್ತೇನೆ. ಜಪಾನಿನ 10,000 ಯೆನ್ ನೋಟಿನ ಮೇಲೆ 2024ರಿಂದ ಇರುವ ಮುಖ ಅವರದು. ಹೆಸರು ಎಯಿಚಿ ಶಿಬುಸಾವಾ.

ಶಿಬುಸಾವಾ ಹುಟ್ಟಿದ್ದು 1840ರಲ್ಲಿ, ಇವತ್ತಿನ ಸೈತಾಮಾ ಪ್ರಾಂತ್ಯದ ಫುಕಾಯಾ ಪಟ್ಟಣಕ್ಕೆ ಸೇರಿದ ಒಂದು ಹಳ್ಳಿಯಲ್ಲಿ. ಮನೆಯವರು ರೈತರು. ಆದರೆ ಉತ್ತು ಬಿತ್ತಿ ಸುಮ್ಮನಾಗುವ ರೈತರಲ್ಲ. ಸುತ್ತಲಿನ ಹಳ್ಳಿಗಳಿಂದ ನೀಲಿ ಗಿಡದ ಎಲೆ ಕೊಂಡು, ಕೊಳೆಸಿ, ಉಂಡೆ ಕಟ್ಟಿ, ಬಟ್ಟೆಗೆ ಬಣ್ಣ ಹಾಕುವವರಿಗೆ ಮಾರುವ ವ್ಯಾಪಾರವಿತ್ತು. ರೇಷ್ಮೆ ಹುಳವನ್ನೂ ಸಾಕುತ್ತಿದ್ದರು. ಯಾವ ಎಲೆಗೆ ಎಷ್ಟು ಬೆಲೆ, ಯಾರಿಗೆ ಸಾಲ ಕೊಡಬಹುದು ಅನ್ನೋದನ್ನ ಹುಡುಗ ಅಪ್ಪನ ಜೊತೆ ತಿರುಗಿಯೇ ಕಲಿತ. ಸೋದರಸಂಬಂಧಿಯೊಬ್ಬರ ಹತ್ತಿರ ಕನ್ಫ್ಯೂಷಿಯಸ್ ಗ್ರಂಥಗಳನ್ನು ಓದಿದ.

ಹದಿಹರೆಯದಲ್ಲಿ ಒಂದು ಘಟನೆ ನಡೆಯಿತು. ಪ್ರಭುವಿನ ಮನೆಯ ಖರ್ಚಿಗೆ ಅಂತ ಆ ಸೀಮೆಯ ಅಧಿಕಾರಿ ಊರಿನ ಅನುಕೂಲಸ್ಥರಿಂದ ಹಣ ವಸೂಲಿಗೆ ಕರೆದ. ಶಿಬುಸಾವಾ ಮನೆಯ ಪಾಲು 500 ರ್‍ಯೋ. ಅಪ್ಪನ ಬದಲಿಗೆ ಹೋಗಿದ್ದ ಹುಡುಗ, ಮನೆಗೆ ಹೋಗಿ ಕೇಳಿ ಹೇಳ್ತೀನಿ ಅಂದದ್ದಕ್ಕೆ ಎಲ್ಲರೆದುರು ಬೈಸಿಕೊಂಡ. ಓದಿಲ್ಲದ, ಯೋಗ್ಯತೆಯಿಲ್ಲದ ಅಧಿಕಾರಿ ಹುಟ್ಟಿನ ಬಲದಿಂದ ಕೂತು ದುಡಿಯುವವರನ್ನು ಕೀಳಾಗಿ ನೋಡುವ ಪದ್ಧತಿ ಆ ವಯಸ್ಸಿಗೇ ಚುಚ್ಚಿತು. ಅಲ್ಲಿ ಸಮುರಾಯಿ ಮೇಲೆ, ರೈತ ಅವನ ಕೆಳಗೆ, ವ್ಯಾಪಾರಿ ಎಲ್ಲರಿಗಿಂತ ಕೆಳಗೆ. ಹುಟ್ಟಿನಿಂದ ಅಂತಸ್ತು ನಿರ್ಧಾರವಾಗುವ ಸಮಾಜ ಹೇಗಿರುತ್ತೆ ಅಂತ ನಮಗೆ ಬಿಡಿಸಿ ಹೇಳಬೇಕಿಲ್ಲ. ಜಪಾನಿಗರು ಮೊದಲಿಂದಲೂ ಒಗ್ಗಟ್ಟಿನ, ಸಮಾನತೆಯ ಜನ ಅನ್ನೋದು ಕಟ್ಟುಕತೆ.

1853ರಲ್ಲಿ ಅಮೆರಿಕದ ಯುದ್ಧನೌಕೆಗಳು ಬಂದು ಬಂದರು ತೆರೆಯಿರಿ ಅಂತ ಬೆದರಿಸಿದವು. ಮುಂದೆ ಆದ ಒಪ್ಪಂದಗಳ ಪ್ರಕಾರ ಆಮದಿನ ಮೇಲೆ ಸುಮಾರು ಶೇ. 5ಕ್ಕಿಂತ ಹೆಚ್ಚು ಸುಂಕ ಹಾಕುವ ಸ್ವಾತಂತ್ರ್ಯವೂ ಜಪಾನಿಗೆ ಉಳಿಯಲಿಲ್ಲ. ಸಿಟ್ಟಿಗೆದ್ದ ಯುವಕರಲ್ಲಿ ಶಿಬುಸಾವಾ ಕೂಡ ಒಬ್ಬರು. 1863ರಲ್ಲಿ ತಕಾಸಾಕಿ ಕೋಟೆ ವಶಪಡಿಸಿಕೊಂಡು, ಯೋಕೊಹಾಮಾದ ವಿದೇಶಿಯರ ಬಡಾವಣೆಗೆ ಬೆಂಕಿ ಹಚ್ಚುವ ಯೋಜನೆ ಹಾಕಿದರು. ಆಯುಧವನ್ನೂ ಸಂಗ್ರಹಿಸಿದ್ದರು. ಕೊನೆ ಗಳಿಗೆಯಲ್ಲಿ ಬಂಧುವೊಬ್ಬ ತಡೆದದ್ದರಿಂದ ಯೋಜನೆ ನಿಂತಿತು. ಕ್ಯೋತೊಗೆ ಓಡಿಹೋಗಿ, ವಿಚಿತ್ರ ಅಂದರೆ, ಯಾವ ಶೋಗನ್ ಆಡಳಿತವನ್ನು ಉರುಳಿಸಬೇಕೆಂದಿದ್ದರೋ ಅದೇ ತೊಕುಗಾವಾ ಮನೆತನದ ಯೊಶಿನೊಬು ಹತ್ತಿರ ಕೆಲಸಕ್ಕೆ ಸೇರಿದರು. ಆತನೇ ಮುಂದೆ ಕೊನೆಯ ಶೋಗನ್ ಆದ.

1867ರಲ್ಲಿ ಶೋಗನ್ ತನ್ನ ತಮ್ಮನನ್ನು ಪ್ಯಾರಿಸ್ಸಿನ ವಸ್ತುಪ್ರದರ್ಶನಕ್ಕೆ ಕಳಿಸಿದ. ಲೆಕ್ಕಪತ್ರ ನೋಡಿಕೊಳ್ಳಲು ಶಿಬುಸಾವಾ ಜೊತೆಗೆ ಹೋದರು. ವಿದೇಶಿಯರನ್ನು ಸುಡಬೇಕೆಂದಿದ್ದ ಮನುಷ್ಯ ಅವರದೇ ಊರಿಗೆ ಬಂದು ನೋಡಿದ್ದೇನು? ದಾರಿಯಲ್ಲಿ ಸೂಯೆಜ್ ಕಾಲುವೆ ತೋಡುತ್ತಿದ್ದರು. ಅಷ್ಟು ದೊಡ್ಡ ಕೆಲಸಕ್ಕೆ ದುಡ್ಡು ಒಬ್ಬ ರಾಜನದಲ್ಲ, ಸಾವಿರಾರು ಜನ ಷೇರು ಕೊಂಡ ಕಂಪನಿಯದು. ಪ್ಯಾರಿಸ್ಸಿನಲ್ಲಿ ಒಬ್ಬ ಬ್ಯಾಂಕರ್ ಮತ್ತು ಒಬ್ಬ ಸೇನಾಧಿಕಾರಿ ಸಮಾನರಂತೆ ಕೂತು ಮಾತಾಡುತ್ತಿದ್ದರು. ಜಪಾನಿನಲ್ಲಾದರೆ ವ್ಯಾಪಾರಿ ನೆಲ ನೋಡಿಕೊಂಡು ನಿಲ್ಲಬೇಕಿತ್ತು. ಬೆಲ್ಜಿಯಂನಲ್ಲಿ ಅಲ್ಲಿನ ರಾಜನೇ ನಮ್ಮ ಉಕ್ಕು ಕೊಳ್ಳಿ ಅಂತ ಶಿಫಾರಸು ಮಾಡಿದ. ಕೈಲಿದ್ದ ಹಣದಲ್ಲಿ ಫ್ರೆಂಚ್ ಸರ್ಕಾರದ ಬಾಂಡು, ರೈಲ್ವೆ ಬಾಂಡು ಕೊಂಡು, ಮಾರುವಾಗ ಲಾಭವನ್ನೂ ನೋಡಿದರು. ಯುರೋಪಿನ ಶಕ್ತಿ ಇರೋದು ಫಿರಂಗಿಯಲ್ಲಿ ಮಾತ್ರವಲ್ಲ, ನೂರಾರು ಜನರ ಸಣ್ಣ ಉಳಿತಾಯವನ್ನು ದೊಡ್ಡ ಬಂಡವಾಳ ಮಾಡುವ ವಿಧಾನದಲ್ಲೂ ಇದೆ ಅನ್ನೋದು ಅವರ ತಲೆಗೆ ಹೊಕ್ಕಿದ್ದು ಅಲ್ಲಿ.

ಅವರು ಹೊರದೇಶದಲ್ಲಿದ್ದಾಗಲೇ ಇಲ್ಲಿ ಶೋಗನ್ ಆಡಳಿತ ಬಿತ್ತು. 1868ರ ಕೊನೆಗೆ ವಾಪಸ್ ಬಂದಾಗ ಸೋತ ಪಕ್ಷದ ಆಳು. ಆದರೂ 1869ರಲ್ಲಿ ಮೇಯಿಜಿ ಸರ್ಕಾರ ಹಣಕಾಸು ಇಲಾಖೆಗೆ ಕರೆಸಿಕೊಂಡಿತು. ಮೂರು ಚಿಲ್ಲರೆ ವರ್ಷದಲ್ಲಿ ತೂಕ ಅಳತೆ, ಅಂಚೆ, ನಾಣ್ಯ, ಭೂಕಂದಾಯ, ಬ್ಯಾಂಕ್ ಕಾಯ್ದೆ ಹೀಗೆ ಹಲವು ಸುಧಾರಣೆಗಳ ಕರಡು ಕೆಲಸದಲ್ಲಿ ಅವರ ಕೈಯಿತ್ತು.

1872ರಲ್ಲಿ ತೊಮಿಯೊಕಾದಲ್ಲಿ ಸರ್ಕಾರವೇ ರೇಷ್ಮೆ ನೂಲು ತೆಗೆಯುವ ಗಿರಣಿ ತೆರೆಯಿತು. ಯಂತ್ರವೂ ತಜ್ಞರೂ ಫ್ರಾನ್ಸಿನವರು. ಮುಖ್ಯಸ್ಥ ಶಿಬುಸಾವಾಗೆ ಪಾಠ ಹೇಳಿದ್ದ ಅದೇ ಸೋದರಸಂಬಂಧಿ, ಜುನ್‌ಚು ಒದಾಕಾ. ಆದರೆ ಕೆಲಸಕ್ಕೆ ಹುಡುಗಿಯರು ಬರಲಿಲ್ಲ. ಫ್ರೆಂಚರು ಕುಡಿಯುವ ಕೆಂಪು ವೈನ್ ನೋಡಿ, ಅವರು ಹುಡುಗಿಯರ ರಕ್ತ ಹೀರುತ್ತಾರೆ ಅಂತ ಗುಲ್ಲು ಹಬ್ಬಿತ್ತು. ಒದಾಕಾ ತನ್ನ ಮಗಳನ್ನೇ ಮೊದಲ ಕೆಲಸಗಾರ್ತಿಯಾಗಿ ಸೇರಿಸಿದ ಮೇಲೆ ಉಳಿದವರು ಬಂದರು. ಶಿಸ್ತು ರಕ್ತದಲ್ಲೇ ಇದೆ ಅನ್ನುವವರು ಈ ಪ್ರಸಂಗವನ್ನ ಒಮ್ಮೆ ನೆನೆಯಬೇಕು. ಇಲ್ಲಿ ಕಲಿತ ಹುಡುಗಿಯರು ಊರಿಗೆ ಮರಳಿ ಬೇರೆ ಗಿರಣಿಗಳಲ್ಲಿ ಕಲಿಸಿದರು. ಇಂಥ ಮಾದರಿ ಗಿರಣಿಯಿಂದ ಸರ್ಕಾರ ಮುಖ್ಯವಾಗಿ ಬಯಸಿದ್ದು ಲಾಭಕ್ಕಿಂತ ಕಲಿಕೆಯನ್ನು.

1873ರಲ್ಲಿ ಬಜೆಟ್ ವಿಚಾರದ ಜಗಳದಲ್ಲಿ ಶಿಬುಸಾವಾ ರಾಜೀನಾಮೆ ಕೊಟ್ಟರು. ಸರ್ಕಾರಿ ಕುರ್ಚಿ ಬಿಟ್ಟು ವ್ಯಾಪಾರಕ್ಕೆ ಇಳಿಯೋದು ಆಗಿನ ಕಾಲಕ್ಕೆ ಮಾನ ಕಳಕೊಂಡಂತೆ. ಅದೇ ವರ್ಷ ಶುರುವಾದ ದಾಯಿ-ಇಚಿ ಬ್ಯಾಂಕಿನ ಹೊಣೆ ಹೊತ್ತರು. ಅದು ಜಪಾನಿನ ಮೊದಲ ಆಧುನಿಕ ಬ್ಯಾಂಕ್. ಅಲನ್ ಶ್ಯಾಂಡ್ ಎಂಬ ಬ್ರಿಟಿಷ್ ಬ್ಯಾಂಕರ್‌ನನ್ನು ಸರ್ಕಾರ ಕರೆಸಿ, ಜಮಾ ಖರ್ಚನ್ನು ಎರಡು ಕಡೆ ಬರೆಯುವ ಪದ್ಧತಿಯನ್ನು ಗುಮಾಸ್ತರಿಗೆ ಕಲಿಸಿತು. ಮರುವರ್ಷವೇ ದೊಡ್ಡ ಷೇರುದಾರರಲ್ಲೊಬ್ಬರಾದ ಓನೋ ಮನೆತನ ದಿವಾಳಿಯೆದ್ದಾಗ ಬ್ಯಾಂಕ್ ಮುಳುಗುವುದರಲ್ಲಿತ್ತು. ಹೇಗೋ ಉಳಿಯಿತು.

ಮುಂದಿನ ಐವತ್ತು ವರ್ಷದಲ್ಲಿ ಅವರು ಕಟ್ಟಲು ನೆರವಾದ ಕಂಪನಿಗಳು ಸುಮಾರು 500. ಕಾಗದ, ವಿಮೆ, ಹಡಗು, ರೈಲು, ಗ್ಯಾಸ್, ಇಟ್ಟಿಗೆ, ಬಿಯರ್, ಹೋಟೆಲ್, ಗೊಬ್ಬರ, ಯಾವುದೂ ಬಿಡಲಿಲ್ಲ. ಎಲ್ಲದಕ್ಕೂ ಒಂದೇ ಸೂತ್ರ: ನಾಲ್ಕಾರು ಜನರ ದುಡ್ಡು ಸೇರಿಸು, ಲೆಕ್ಕ ಎಲ್ಲರಿಗೂ ತೋರಿಸು, ಬಲ್ಲವನ ಕೈಗೆ ಆಡಳಿತ ಕೊಡು, ಕಂಪನಿ ಕಾಲ ಮೇಲೆ ನಿಂತ ಮೇಲೆ ಮುಂದಕ್ಕೆ ಹೋಗು. ಅದೇ ಕಾಲದ ಮಿತ್ಸುಬಿಶಿಯ ಯತಾರೊ ಇವಾಸಾಕಿ ಇದಕ್ಕೆ ತದ್ವಿರುದ್ಧ. ಒಬ್ಬನ ಹಿಡಿತದಲ್ಲೇ ಉದ್ಯಮ ಬೆಳೆಯುತ್ತೆ ಅನ್ನೋದು ಆತನ ನಂಬಿಕೆ. ಹಡಗು ವ್ಯಾಪಾರದಲ್ಲಿ ಎರಡು ಬಣಗಳೂ ದರ ಇಳಿಸಿ ಇಳಿಸಿ ಹೊಡೆದಾಡಿ, ಕಡೆಗೆ 1885ರಲ್ಲಿ ಒಂದಾಗಿ ನಿಪ್ಪೊನ್ ಯೂಸೆನ್ ಹಡಗು ಕಂಪನಿಯಾಯಿತು.

ಈಗ ಹತ್ತಿಯ ಕತೆಗೆ ಬರೋಣ. ಸರ್ಕಾರ ಇಂಗ್ಲೆಂಡಿನಿಂದ ತರಿಸಿ ಅಲ್ಲಲ್ಲಿ ಹಂಚಿದ್ದ 2,000 ಕದಿರಿನ ಸಣ್ಣ ಗಿರಣಿಗಳು ಸೋತಿದ್ದವು. ಹೊಳೆಯ ನೀರನ್ನು ನಂಬಿದ್ದವು, ನಡೆಸಲು ಬಲ್ಲವರಿರಲಿಲ್ಲ, ಗಾತ್ರ ಚಿಕ್ಕದು. ಶಿಬುಸಾವಾ ಬೇರೆ ಲೆಕ್ಕ ಹಾಕಿದರು. ಲಂಡನ್ನಿನಲ್ಲಿ ಓದುತ್ತಿದ್ದ ತಾಕೆಓ ಯಮಾನೊಬೆ ಎಂಬ ಯುವಕನಿಗೆ ಹಣ ಕಳಿಸಿ, ಓದು ಬದಲಿಸಿ ನೂಲುವ ತಂತ್ರ ಕಲಿ ಅಂತ ಒಪ್ಪಿಸಿದರು. ಆತ ಯಂತ್ರಶಾಸ್ತ್ರ ಓದಿ, ಲ್ಯಾಂಕಶೈರಿನ ಬ್ಲ್ಯಾಕ್‌ಬರ್ನ್‌ನ ಗಿರಣಿಯೊಂದರಲ್ಲಿ ಕೈಯಾರೆ ಕೆಲಸ ಮಾಡಿ ವಾಪಸ್ ಬಂದ. ಹಳೆಯ ಪ್ರಭುಗಳ ದುಡ್ಡು, ಒಸಾಕಾ ಮತ್ತು ಟೋಕಿಯೋ ವ್ಯಾಪಾರಿಗಳ ದುಡ್ಡು ಸೇರಿಸಿ ಒಸಾಕಾ ಸ್ಪಿನ್ನಿಂಗ್ ಕಂಪನಿ ಕಟ್ಟಿದರು. 1883ರಲ್ಲಿ 10,500 ಕದಿರುಗಳು ಉಗಿಯ ಬಲದಲ್ಲಿ ತಿರುಗತೊಡಗಿದವು. ಹಗಲೂ ರಾತ್ರಿ ಎರಡು ಪಾಳಿ. ಮೊದಲು ಎಣ್ಣೆ ದೀಪ, 1886ರಲ್ಲಿ ವಿದ್ಯುತ್ ದೀಪ. ಷೇರುದಾರರಿಗೆ ಸಿಕ್ಕ ಲಾಭ ನೋಡಿ ಇಂಥದ್ದೇ ಗಿರಣಿಗಳು ಸಾಲುಸಾಲಾಗಿ ಹುಟ್ಟಿದವು. 1890ರ ಹೊತ್ತಿಗೆ ದೇಶದೊಳಗಿನ ನೂಲು ಆಮದನ್ನು ಮೀರಿತು. 1897ಕ್ಕೆ ರಫ್ತು ಆಮದನ್ನು ಮೀರಿತು.

ಈ ಗಿರಣಿಗಳಿಗೆ ಬೇಕಾದಷ್ಟು ಹತ್ತಿ ಜಪಾನಿನಲ್ಲಿ ಇರಲಿಲ್ಲ. ಬಾಂಬೆಯಿಂದ ತರಬೇಕಿತ್ತು. ನಮ್ಮ ಧಾರವಾಡ ಸೀಮೆಯ ಹತ್ತಿಯೂ ಬಾಂಬೆ ಪೇಟೆಗೇ ಹೋಗುತ್ತಿದ್ದ ಕಾಲ ಅದು. ಆದರೆ ಬಾಂಬೆ-ಜಪಾನ್ ನಡುವಿನ ಸಾಗಣೆ ಬ್ರಿಟನ್ನಿನ ಪಿ ಅಂಡ್ ಓ ಮತ್ತು ಅದರ ಜೊತೆಗಾರ ಯುರೋಪಿಯನ್ ಕಂಪನಿಗಳ ಕೈಲಿತ್ತು. ಬಾಡಿಗೆ ಅವರು ಹೇಳಿದ್ದೇ. 1893ರಲ್ಲಿ ಜಮ್ಶೆಡ್‌ಜಿ ಟಾಟಾ ಜಪಾನಿಗೆ ಹೋಗಿ ಶಿಬುಸಾವಾ ಅವರನ್ನು ಭೇಟಿಯಾದರು. ಇಬ್ಬರೂ ಸೇರಿ ಈ ಹಿಡಿತ ಮುರಿಯಲು ಹೊರಟರು. ಆ ವರ್ಷ ನವೆಂಬರಿನಲ್ಲಿ ನಿಪ್ಪೊನ್ ಯೂಸೆನ್ ಕಂಪನಿಯ ಹಡಗು ಬಾಂಬೆಗೆ ಹೊರಟಿತು. ಪಿ ಅಂಡ್ ಓ ಕೂಡಲೇ ಬಾಡಿಗೆಯನ್ನು ಪಾತಾಳಕ್ಕೆ ಇಳಿಸಿತು.

ಇಡೀ ವಾದದ ತಿರುಳು ನನಗೆ ಕಾಣುವುದು ಇಲ್ಲೇ. ಜಪಾನಿನ ಗಿರಣಿಗಳವರು ತಮ್ಮ ಸಂಘದ ಮೂಲಕ ಒಂದು ಕರಾರು ಮಾಡಿಕೊಂಡಿದ್ದರು: ಎದುರಾಳಿ ಎಷ್ಟೇ ಅಗ್ಗಕ್ಕೆ ಕರೆದರೂ ಹತ್ತಿ ತರೋದು ನಮ್ಮ ಹಡಗಿನಲ್ಲೇ. ಆ ಕರಾರು ಮುರಿಯಲಿಲ್ಲ. ಬಾಂಬೆ ಕಡೆಯಲ್ಲಿ ಟಾಟಾ ಬಾಡಿಗೆಗೆ ಹಿಡಿದು ನಡೆಸಿದ ಹಡಗುಗಳಿಗೆ ಅಂಥ ಬೆಂಬಲ ನಿಲ್ಲಲಿಲ್ಲ. ವ್ಯಾಪಾರಿಗಳು ಅಗ್ಗದ ದರಕ್ಕೆ ವಾಪಸ್ ಹೋದರು. ಟಾಟಾ ಸರ್ಕಾರಕ್ಕೆ ದೂರು ಕೊಟ್ಟರು. ಆ ಸರ್ಕಾರ ಇದ್ದದ್ದು ಲಂಡನ್ನಿನಲ್ಲಿ, ಪಿ ಅಂಡ್ ಓ ಕೂಡ ಲಂಡನ್ನಿನದೇ. ಟಾಟಾ ಹಡಗು ಸಾಲು ಮುಚ್ಚಿತು, ಜಪಾನಿನದು ಉಳಿಯಿತು.

ಇನ್ನು 1896ನೇ ಇಸವಿಯನ್ನು ನೋಡಿ. ಆ ವರ್ಷ ಜಪಾನ್ ಸರ್ಕಾರ ಹತ್ತಿಯ ಮೇಲಿದ್ದ ಆಮದು ಸುಂಕವನ್ನು ಪೂರ್ತಿ ತೆಗೆದುಹಾಕಿತು. ದೂರದ ಸಮುದ್ರಯಾನದ ಹಡಗುಗಳಿಗೆ ಸಹಾಯಧನ ಕೊಡುವ ಕಾಯ್ದೆಯನ್ನೂ ಅದೇ ವರ್ಷ ತಂದಿತು. ಅದೇ 1896ರಲ್ಲಿ ಬ್ರಿಟಿಷ್ ಭಾರತದ ಸರ್ಕಾರ ಮಾಡಿದ್ದೇನು? ಇಂಗ್ಲೆಂಡಿನ ಬಟ್ಟೆಯ ಮೇಲೆ ಶೇ. 3.5 ಆಮದು ಸುಂಕ ಹಾಕಿ, ಅದಕ್ಕೆ ಸರಿಸಮನಾಗಿ ಭಾರತದ ಗಿರಣಿ ಬಟ್ಟೆಯ ಮೇಲೂ ಶೇ. 3.5 ಉತ್ಪಾದನಾ ಸುಂಕ ಹಾಕಿತು. ಯಾಕಂದ್ರೆ ಲ್ಯಾಂಕಶೈರಿನ ಗಿರಣಿ ಮಾಲೀಕರಿಗೆ ಅನ್ಯಾಯ ಆಗಬಾರದು! ಈ ಸುಂಕ ಹೋಗಿದ್ದು 1925ರಲ್ಲಿ. ಎರಡೂ ದೇಶಗಳಿಗೆ ಸುಂಕದ ಸ್ವಾತಂತ್ರ್ಯ ಇರಲಿಲ್ಲ ಅನ್ನೋದು ನಿಜ. ಜಪಾನಿಗೆ ಅದು ಪೂರ್ತಿ ಸಿಕ್ಕಿದ್ದು 1911ರಲ್ಲಿ. ಆದರೆ ಒಂದು ಸರ್ಕಾರ ಉಳಿದಿದ್ದ ದಾರಿಗಳನ್ನೆಲ್ಲ ತನ್ನ ಗಿರಣಿಗೆ ತೆರೆಯಿತು. ಇನ್ನೊಂದು ಸರ್ಕಾರಕ್ಕೆ ತನ್ನದು ಅನ್ನುವ ಗಿರಣಿ ಸಮುದ್ರದಾಚೆ ಇತ್ತು.

ಹಾಗಂತ ಎಲ್ಲವನ್ನೂ ಬ್ರಿಟಿಷರ ತಲೆಗೆ ಕಟ್ಟಿ ಕೈತೊಳೆದುಕೊಳ್ಳೋಕೆ ಆಗಲ್ಲ. ಬಾಂಬೆಯ ಬಹುತೇಕ ಗಿರಣಿಗಳನ್ನು ನಡೆಸುತ್ತಿದ್ದುದು ಮ್ಯಾನೇಜಿಂಗ್ ಏಜೆಂಟ್ ಮನೆತನಗಳು. ಹಲವರಿಗೆ ಕಮಿಷನ್ ಸಿಗುತ್ತಿದ್ದುದು ತಯಾರಾದ ನೂಲಿನ ತೂಕದ ಮೇಲೆ. ಷೇರುದಾರ ಮುಳುಗಿದರೂ ಏಜೆಂಟನಿಗೆ ನಷ್ಟವಿಲ್ಲ. ಹೊಸ ರಿಂಗ್ ಯಂತ್ರಗಳನ್ನು ಟಾಟಾ ಅವರ ನಾಗಪುರದ ಗಿರಣಿ ಬೇಗನೇ ಪ್ರಯೋಗಿಸಿ ನೋಡಿತ್ತು. ಉಳಿದವರು ಬಹುಕಾಲ ಹಳೆಯ ಮ್ಯೂಲ್ ಯಂತ್ರಗಳಿಗೇ ಅಂಟಿಕೊಂಡರು. ಜಪಾನಿನ ಗಿರಣಿಗಳು 1889ರ ಆಸುಪಾಸಿನಿಂದ ಒಟ್ಟಾಗಿ ರಿಂಗ್‌ಗೆ ಹೊರಳಿ, ಬೇರೆ ಬೇರೆ ದೇಶದ ಹತ್ತಿಯನ್ನು ಹದವಾಗಿ ಬೆರೆಸಿ ನೂಲುವ ವಿದ್ಯೆಯನ್ನೂ ಕರಗತ ಮಾಡಿಕೊಂಡವು.

ಎಲ್ಲಕ್ಕಿಂತ ದೊಡ್ಡ ಅಂತರ ಶಾಲೆಯದು. ಜಪಾನ್ 1872ರಲ್ಲೇ ಎಲ್ಲರಿಗೂ ಶಿಕ್ಷಣ ಅಂತ ಆದೇಶ ಹೊರಡಿಸಿತು. ಮೂವತ್ತು ವರ್ಷದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಕ್ಕಳ ಹೆಸರು ಪ್ರಾಥಮಿಕ ಶಾಲೆಯ ಹಾಜರಿ ಪುಸ್ತಕದಲ್ಲಿತ್ತು. ಭಾರತದ 1911ರ ಜನಗಣತಿಯಲ್ಲಿ ಓದು ಬರಹ ಬಲ್ಲವರು ನೂರಕ್ಕೆ ಸುಮಾರು ಆರು ಜನ. ಯಂತ್ರ ಹಡಗಿನಲ್ಲಿ ಬರುತ್ತೆ. ಅದರ ಕೈಪಿಡಿ ಓದುವ ಮೇಸ್ತ್ರಿ, ಲೆಕ್ಕ ಬರೆಯುವ ಗುಮಾಸ್ತ ಹಡಗಿನಲ್ಲಿ ಬರೋದಿಲ್ಲ.

ಹಾಗಾದರೆ ಇದರ ಬೆಲೆ ತೆತ್ತವರು ಯಾರು? ಶಿಬುಸಾವಾ ಬದುಕನ್ನು ಬರೀ ಸಾಧನೆಯ ಪಟ್ಟಿ ಮಾಡಿದರೆ ಅರ್ಧ ಸತ್ಯ ಹೇಳಿದಂತೆ. ಹೊಸ ಸರ್ಕಾರದ ಬೊಕ್ಕಸ ತುಂಬಿದ್ದು ರೈತರ ಭೂಕಂದಾಯ. ಹತ್ತಿಯ ಸುಂಕ ತೆಗೆದಾಗ ಜಪಾನಿನ ಹತ್ತಿ ಬೆಳೆಗಾರರು ನಾಮಾವಶೇಷವಾದರು. ಒಸಾಕಾ ಗಿರಣಿಯ ರಾತ್ರಿ ಪಾಳಿಯಲ್ಲಿ ನಿಂತಿದ್ದವರು ಹಳ್ಳಿಯ ಬಡ ಹುಡುಗಿಯರು. ಹನ್ನೆರಡು ಗಂಟೆಯ ದುಡಿಮೆ, ಕಾವಲಿರುವ ಹಾಸ್ಟೆಲ್, ಧೂಳು, ಕ್ಷಯ. ಅಪ್ಪ ಮುಂಗಡ ಪಡೆದಿದ್ದರೆ ಬಿಟ್ಟು ಹೋಗುವ ಹಾಗೂ ಇಲ್ಲ. ಕಾರ್ಮಿಕರನ್ನು ರಕ್ಷಿಸುವ ಕಾನೂನಿನ ಪ್ರಸ್ತಾಪ 1890ರ ದಶಕದಲ್ಲಿ ಬಂದಾಗ, ಇನ್ನೂ ಕಾಲ ಬಂದಿಲ್ಲ ಅಂತ ವಿರೋಧಿಸಿದವರಲ್ಲಿ ಶಿಬುಸಾವಾ ಕೂಡ ಇದ್ದರು. ಮುಂದೆ ನಿಲುವು ಬದಲಿಸಿದರು. ಕಾಯ್ದೆಯಾಗಿದ್ದು 1911ರಲ್ಲಿ, ಜಾರಿಯಾಗಿದ್ದು 1916ರಲ್ಲಿ, ಹೆಂಗಸರ ರಾತ್ರಿ ಪಾಳಿ ನಿಂತಿದ್ದು 1929ರಲ್ಲಿ. ಮೊದಲ ಕದಿರು ತಿರುಗಿದ 46 ವರ್ಷಗಳ ನಂತರ.

ಅವರು ಹಣ ಹೂಡಿದ್ದ ಆಶಿಯೊ ತಾಮ್ರದ ಗಣಿ ವತರಾಸೆ ನದಿಗೆ ವಿಷ ಹರಿಸಿ ಸಾವಿರಾರು ರೈತರ ಹೊಲ ಹಾಳು ಮಾಡಿತು. ಅವರ ಬ್ಯಾಂಕ್ 1878ರಲ್ಲೇ ಕೊರಿಯಾದ ಬುಸಾನ್‌ನಲ್ಲಿ ಶಾಖೆ ತೆರೆದು, 1902ರಲ್ಲಿ ಅಲ್ಲಿ ಶಿಬುಸಾವಾ ಚಿತ್ರವಿದ್ದ ನೋಟುಗಳನ್ನೇ ಚಲಾವಣೆಗೆ ತಂದಿತು. 1910ರಲ್ಲಿ ಕೊರಿಯಾ ಜಪಾನಿನ ವಸಾಹತಾಯಿತು. 10,000 ಯೆನ್ ನೋಟಿಗೆ ಅವರ ಮುಖ ಆರಿಸಿದಾಗ ಕೊರಿಯಾದಲ್ಲಿ ಅಸಮಾಧಾನ ಎದ್ದಿದ್ದು ಇದಕ್ಕೇ. ಹದಿಹರೆಯದಲ್ಲಿ ದರ್ಪದ ಎದುರು ಕುದಿದಿದ್ದ ಹುಡುಗ ದೊಡ್ಡವನಾದ ಮೇಲೆ, ನೆರೆಯ ದೇಶದವರ ಕಣ್ಣಿಗೆ ಅದೇ ದರ್ಪದ ಮುಖವಾಗಿ ಕಂಡ.

ಅದೇ ಮನುಷ್ಯ ಟೋಕಿಯೋದ ಅನಾಥರ, ನಿರ್ಗತಿಕರ ಆಶ್ರಮವನ್ನು ಐವತ್ತಕ್ಕೂ ಹೆಚ್ಚು ವರ್ಷ, ಸಾಯುವ ತನಕ ನೋಡಿಕೊಂಡರು. ಮುಂದೆ ಹಿತೊತ್ಸುಬಾಶಿ ವಿಶ್ವವಿದ್ಯಾಲಯವಾದ ವಾಣಿಜ್ಯ ಶಾಲೆಗೆ, ಹೆಣ್ಣುಮಕ್ಕಳ ಕಾಲೇಜಿಗೆ ಬೆಂಬಲವಾಗಿ ನಿಂತರು. ಇಂಥ ಸುಮಾರು 600 ಸಂಸ್ಥೆಗಳ ಜೊತೆ ಅವರ ನಂಟಿತ್ತು. ಅಷ್ಟು ಕಂಪನಿ ಕಟ್ಟಿದರೂ ಮಿತ್ಸುಬಿಶಿಯಂಥ ಮನೆತನದ ಸಾಮ್ರಾಜ್ಯ ಕಟ್ಟಲಿಲ್ಲ. 1931ರ ನವೆಂಬರ್ 11ರಂದು, 91ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರು ಸತ್ತ ಎರಡೇ ವರ್ಷಕ್ಕೆ ಭಾರತ ಸರ್ಕಾರ ಜಪಾನಿ ಬಟ್ಟೆಯ ಮೇಲೆ ಶೇ. 75 ಸುಂಕ ಹಾಕಬೇಕಾಗಿ ಬಂತು.

ನಮ್ಮ ಮೈಸೂರು ಸೀಮೆಗೆ ಈ ಕತೆಯ ಎಳೆಗಳು ತಾಕಿವೆ. ಜಪಾನಿನಿಂದ ಕಲಿತ ಟಾಟಾ ಬೆಂಗಳೂರಿನಲ್ಲಿ ರೇಷ್ಮೆ ಫಾರಂ ಮಾಡಿ ಜಪಾನಿ ಪದ್ಧತಿ ತಂದರು. ಬಸವನಗುಡಿಯ ಹತ್ತಿರ ಆ ಹೆಸರಿನ ಬಡಾವಣೆ ಇವತ್ತಿಗೂ ಇದೆ. 1898ರಲ್ಲಿ ಜಪಾನ್ ನೋಡಿ ಬಂದ ವಿಶ್ವೇಶ್ವರಯ್ಯನವರು ದಿವಾನರಾದ ಮೇಲೆ, 1913ರಲ್ಲಿ ಮೈಸೂರು ಬ್ಯಾಂಕ್ ಶುರುವಾಯಿತು. ದಾಯಿ-ಇಚಿ ಬ್ಯಾಂಕಿಗಿಂತ ಸರಿಯಾಗಿ ನಲವತ್ತು ವರ್ಷ ತಡ. ಆ ನಲವತ್ತು ವರ್ಷವನ್ನು ನಮ್ಮ ಜನ ಸೋಮಾರಿಗಳಾಗಿ ಕಳೆಯಲಿಲ್ಲ. ಹೊಲದಲ್ಲಿ, ಮಗ್ಗದಲ್ಲಿ, ಗಿರಣಿಯಲ್ಲಿ ಬೆನ್ನು ಬಾಗಿಸಿ ದುಡಿಯುತ್ತಲೇ ಇದ್ದರು.

ಅದಕ್ಕೇ ಯಾರಾದರೂ ಜಪಾನ್ ತೋರಿಸಿ ಇನ್ನಷ್ಟು ಗಂಟೆ ದುಡಿಯಿರಿ ಅಂದಾಗ ನಾನು ಕೇಳೋದು ಇಷ್ಟೇ: ಕೂಡಿಟ್ಟ ಬಂಡವಾಳದ ಲೆಕ್ಕ ಎಲ್ಲರಿಗೂ ತೋರಿಸ್ತೀರಾ? ಊರಿನ ಶಾಲೆಗೆ ಮೇಷ್ಟ್ರನ್ನ ಕೊಡ್ತೀರಾ? ಒಬ್ಬ ಹುಡುಗನನ್ನ ಕಲಿಯೋಕೆ ಕಳಿಸಿ, ವಾಪಸ್ ಬಂದಾಗ ಗಿರಣಿಯನ್ನೇ ಅವನ ಕೈಗೆ ಕೊಡ್ತೀರಾ? ಒಸಾಕಾ ಎದ್ದು ನಿಂತಿದ್ದು ಇವುಗಳಿಂದ. ರಾತ್ರಿ ಪಾಳಿಯಲ್ಲಿ ಕೆಮ್ಮುತ್ತಾ ನಿಂತಿದ್ದ ಹುಡುಗಿಯರ ದುಡಿಮೆಯೂ ಅದರಲ್ಲಿ ಸೇರಿದೆ, ನಿಜ. ಆದರೆ ಅಂಥ ದುಡಿಮೆ ಬಾಂಬೆಯಲ್ಲೂ ಇತ್ತು, ಇವತ್ತಿನ ನಮ್ಮ ಗಾರ್ಮೆಂಟ್ಸ್ ಫ್ಯಾಕ್ಟರಿಗಳಲ್ಲೂ ಇದೆ. ನಮ್ಮಲ್ಲಿ ಕೊರತೆ ಬಿದ್ದಿದ್ದು ಉಳಿದವು.